ಪ್ರಣಯಕಥೆಯ ಹಾಸು ಮತ್ತು ಹೊಕ್ಕು

ನೇಕಾರನು ಮೊದಲು ಮಗ್ಗಕ್ಕೆ ಹಾಸನ್ನು ಹೂಡುತ್ತಾನೆ. ಆಮೇಲೆ ಲಾಳಿಯನ್ನು ಓಡಿಸಿ ಹೊಕ್ಕನ್ನು ತುಂಬುತ್ತಾನೆ. ಹಾಸು ಸಡಿಲವಾದರೆ ಎಷ್ಟು ದುಡಿದರೂ ಬಟ್ಟೆ ಹದವಾಗದು. ಹಾಸು ಬಿಗಿಯಾಗಿದ್ದೂ ಲಾಳಿ ಓಡದಿದ್ದರೆ ಬಟ್ಟೆಯೇ ಹುಟ್ಟದು. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾದಂಬರಿಯಲ್ಲಿ ಕಥೆಯ ಯೋಜನೆಯೇ ಹಾಸು, ದಿನದಿನದ ಬರವಣಿಗೆಯೇ ಹೊಕ್ಕು.

ನಮ್ಮ ಅನೇಕ ಮನೆಗಳಲ್ಲಿ ಅರ್ಧಕ್ಕೆ ನಿಂತ ಪ್ರಣಯಕಾದಂಬರಿಗಳುಂಟು. ಮೊದಲ ಭೇಟಿ, ಕಣ್ಣೋಟ, ಒಂದು ಪತ್ರ. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಲೇಖನಿ ನಿಲ್ಲುತ್ತದೆ. “ನಾಳೆ ಬರೆದರಾಯಿತು” ಎಂಬ ಮಾತು ಅಲ್ಲಿಂದ ಮೊದಲಾಗುತ್ತದೆ. ಈ ಲೇಖಕನ ಪೆಟ್ಟಿಗೆಯಲ್ಲಿಯೂ ಅಂಥದೊಂದು ಹಸ್ತಪ್ರತಿಯಿದೆ; ಆದ್ದರಿಂದ ಇದು ಪರರನ್ನು ಹಳಿಯಲೆಂದು ಬರೆದುದಲ್ಲ. ಇಂಥ ನಿಲುಗಡೆಯನ್ನು ನಾವು ಆಲಸ್ಯವೆಂದು ಕರೆದು ಸುಮ್ಮನಾಗುತ್ತೇವೆ. ಆದರೆ ಬಹುಮಟ್ಟಿಗೆ ಅದು ಬರೆಯುವವನ ದೋಷವಲ್ಲ, ಹಾಸಿನ ದೋಷ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ.

ತ. ರಾ. ಸುಬ್ಬರಾಯರು 1920ರಲ್ಲಿ ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ ಜನಿಸಿದರು. ತ. ಸು. ವೆಂಕಣ್ಣಯ್ಯನವರು ಅವರಿಗೆ ದೊಡ್ಡಪ್ಪನವರು. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆವಾಸ ಕಂಡವರು, ಪತ್ರಿಕೋದ್ಯಮದಲ್ಲಿ ದುಡಿದವರು, ಕಡೆಗೆ ಲೇಖನಿಯನ್ನೇ ನೆಚ್ಚಿದವರು. ಬರೆದು ಬದುಕಬೇಕಾದವನಿಗೆ ‘ನಾಳೆ’ ಎಂಬ ಸುಖವಿಲ್ಲ.

ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕೃತಿಗಳು 1972ರ ಚಲನಚಿತ್ರಕ್ಕೆ ಆಧಾರವಾಗಿ ಮನೆಮಾತಾದವು. ಈ ಕಥೆಯ ಹಾಸನ್ನು ನೋಡಬೇಕು. ಪ್ರಣಯಕಥೆಯ ಕೊನೆ ಎರಡೇ ಬಗೆ: ಕೂಡುವುದು ಇಲ್ಲವೆ ಅಗಲುವುದು. ಇದನ್ನು ವಾಚಕನು ಮೊದಲೇ ಬಲ್ಲ. ಅವನು ಕಾದಿರುವುದು ನಡುವೆ ಬರುವ ಅಡ್ಡಿಗಾಗಿ. ರಾಮಾಚಾರಿಗೂ ಅಲಮೇಲುವಿಗೂ ನಡುವೆ ನಿಲ್ಲುವುದು ಯಾವ ಖಳನೂ ಅಲ್ಲ; ರಾಮಾಚಾರಿಯನ್ನು ಮಗನಂತೆ ಪ್ರೀತಿಸುವ ಚಾಮಯ್ಯ ಮೇಷ್ಟರ ಮಾತು. ಊರಿಗೆಲ್ಲ ಹೆಡೆಯೆತ್ತುವ ಹುಡುಗ ಆ ಒಂದು ಮಾತಿಗೆ ತಲೆಬಾಗುತ್ತಾನೆ. ಅಡ್ಡಿ ನಾಯಕನ ಶೀಲದಿಂದಲೇ ಹುಟ್ಟಿತು. ಆದ್ದರಿಂದ ಮುಂದಿನ ಘಟನೆಗಳಿಗೆ ಆಕಸ್ಮಿಕಗಳನ್ನು ಸಾಲ ತರಬೇಕಾಗಲಿಲ್ಲ. ನಮ್ಮ ಕಿರಿಯರು ಭೇಟಿಗಳನ್ನು ಯೋಜಿಸುತ್ತಾರೆ, ಅಡ್ಡಿಯನ್ನು ಯೋಜಿಸುವುದಿಲ್ಲ. ಅಡ್ಡಿ ಸುಳ್ಳಾದಾಗ ಲೇಖನಿ ತಾನಾಗಿಯೇ ಹಿಂಜರಿಯುತ್ತದೆ. ಅದರ ಹಿಂಜರಿಕೆ ಪ್ರಾಮಾಣಿಕವಾದುದು.

ಇಲ್ಲಿ ಒಂದು ಶಂಕೆ ಉಂಟಾಗಬಹುದು. ತಡಮಾಡುವುದೆಲ್ಲವೂ ಕ್ಷಮ್ಯವೇ? ಅಲ್ಲ. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ತ. ರಾ. ಸು. ಅವರು ಬರೆದ ಐತಿಹಾಸಿಕ ಕಾದಂಬರಿಗಳಲ್ಲಿ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳು ಬಹು ಮುಂಚಿನವು. ಮದಕರಿನಾಯಕನ ಪತನವನ್ನು ಹೇಳುವ ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ. ದುರ್ಗವು 1779ರಲ್ಲಿ ಹೈದರಾಲಿಯ ವಶವಾಯಿತೆಂಬುದು ಬಾಲಕರಿಗೂ ಗೊತ್ತು. ಕಥೆಯ ಕೊನೆಯನ್ನು ಹುಡುಕಬೇಕಾಗಿರಲಿಲ್ಲ. ಆದರೂ ಆ ಕೊನೆ ದಶಕಗಳ ಕಾಲ ಕಾದಿತ್ತು. ನಡುವೆ ಅವರು ಕೈಕಟ್ಟಿ ಕುಳಿತಿರಲಿಲ್ಲ. ಸಾಮಾಜಿಕ ಕಾದಂಬರಿಗಳನ್ನು ಒಂದರ ಹಿಂದೊಂದು ಬರೆದರು. ಅವರು 1984ರಲ್ಲಿ ತೀರಿಕೊಂಡರು. ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. ಇನ್ನು ಎರಡು ವರ್ಷ ತಡವಾಗಿದ್ದರೆ ಆ ಕೃತಿ ಕನ್ನಡಕ್ಕೆ ದಕ್ಕುತ್ತಿರಲಿಲ್ಲವೆಂದು ನೆನೆದರೆ ಮೈ ನಡುಗುತ್ತದೆ. ಮಾಗುವುದಕ್ಕೆ ಕಾಲ ಬೇಕು, ನಿಜ. ಕಾಲವಾದರೋ ಯಾರ ಮಾತನ್ನೂ ಕೇಳದು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ದಿನವೂ ಬರೆಯುವ ಕೈಗೆ ಒಂದು ರೂಢಿ ಅಂಟಿಕೊಳ್ಳುತ್ತದೆ. ತ. ರಾ. ಸು. ಅವರ ಕೆಲವು ಕಾದಂಬರಿಗಳಲ್ಲಿ ಭಾವ ಬಂದ ಕಡೆಯಲ್ಲೆಲ್ಲ ಮಾತು ಉಕ್ಕುತ್ತದೆ; ಒಂದು ಉಪಮೆ ಸಾಕಾದಲ್ಲಿ ಮೂರು ಬರುತ್ತವೆ. ಹೊಕ್ಕು ದಟ್ಟವಾಗಿ ಹಾಸು ಮರೆಯಾದಂತೆ ತೋರುತ್ತದೆ. ‘ಹಂಸಗೀತೆ’ಯಲ್ಲಿ ಹೀಗಾಗಲಿಲ್ಲ. ಒಬ್ಬ ಸಂಗೀತಗಾರನ ಬದುಕನ್ನು ಸಿಕ್ಕ ಚೂರುಗಳಿಂದ ಕೂಡಿಸಿಕೊಳ್ಳುವ ಕ್ರಮವೇ ಅಲ್ಲಿ ಲೇಖಕರ ಕೈಯನ್ನು ಹಿಡಿದು ನಿಲ್ಲಿಸಿದೆ. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ಗೂ, 1975ರಲ್ಲಿ ಜಿ. ವಿ. ಅಯ್ಯರ್ ಅವರ ಕನ್ನಡ ಚಿತ್ರಕ್ಕೂ ಆ ಕಥೆ ಒದಗಿತು. ಹಾಸು ಬಿಗಿಯಾಗಿದ್ದರೆ ಅದರ ಮೇಲೆ ಬೇರೆಯವರೂ ನೇಯಬಲ್ಲರು.

ಹಾಗಾದರೆ ಅರ್ಧಕ್ಕೆ ನಿಂತ ಹಸ್ತಪ್ರತಿಯನ್ನು ಏನು ಮಾಡಬೇಕು? ಮೊದಲು ಅಡ್ಡಿಯನ್ನು ಪರೀಕ್ಷಿಸಬೇಕು: ಒಂದು ನೇರವಾದ ಮಾತಿನಿಂದ, ತಡವಾಗಿ ಬಂದ ಒಂದು ಕಾಗದದಿಂದ ಅದು ಕರಗಿಹೋಗುವಂತಿದ್ದರೆ ಹಾಸನ್ನು ಬಿಚ್ಚಿ ಮತ್ತೆ ಹೂಡಬೇಕು. ಅಡ್ಡಿ ನಿಜವಾಗಿದ್ದೂ ಲೇಖನಿ ಓಡದಿದ್ದರೆ, ಆಗ ಮಾತ್ರ ಅದು ಆಲಸ್ಯ. ಅದಕ್ಕೆ ದಿನಕ್ಕೊಂದು ಪುಟದ ಹೊರತು ಬೇರೆ ಮದ್ದಿಲ್ಲ.

ತುಂಗಭದ್ರೆಯ ತೀರದ ಹರಿಹರೇಶ್ವರನು ಒಂದೇ ಮೂರ್ತಿಯಲ್ಲಿ ಇಬ್ಬರಾಗಿ ನಿಂತಿದ್ದಾನೆ; ಎಡಬಲಗಳಲ್ಲಿ ಯಾವುದನ್ನು ಕಳೆದರೂ ಆ ದೇವರಿಲ್ಲ. ಯೋಜನೆಯೂ ದುಡಿಮೆಯೂ ಹಾಗೆಯೇ. ಈ ಸೀಮೆಯ ಮಗನೊಬ್ಬರು ಎರಡನ್ನೂ ಸಾಧಿಸಿ ತೋರಿಸಿದ್ದಾರೆ. ಈ ಲೇಖಕನು ಇಂದು ತನ್ನ ಹಸ್ತಪ್ರತಿಯನ್ನು ಪೆಟ್ಟಿಗೆಯಿಂದ ಹೊರತೆಗೆದನು. ಅದರ ಅಡ್ಡಿ ಸುಳ್ಳೆಂದು ಓದಿದೊಡನೆಯೇ ತಿಳಿಯಿತು. ಹಾಸನ್ನು ಬಿಚ್ಚುವ ಕೆಲಸ ಮೊದಲಾಗಿದೆ.