ಕ್ಲೋರ್‌ಪ್ರೊಮಜೀನ್: ಶಾಂತಿಯೂ ಔದಾಸೀನ್ಯವೂ

ಫ್ರೆಂಚ್ ನೌಕಾಸೈನ್ಯದ ಶಸ್ತ್ರವೈದ್ಯನಾಗಿದ್ದ ಆನ್ರಿ ಲಾಬೋರಿ, ಶಸ್ತ್ರಕ್ರಿಯೆಯ ಆಘಾತದಿಂದ ರೋಗಿಯ ದೇಹವನ್ನು ಕಾಪಾಡುವ ಉಪಾಯವನ್ನು ಅರಸುತ್ತಿದ್ದಾಗ, ರೋನ್-ಪೂಲಾಂಕ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ 1950ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೇ ಸಂಯೋಜಿಸಿದ್ದ ಹೊಸದೊಂದು ವಸ್ತುವನ್ನು ಕೊಟ್ಟು ನೋಡಿದನು. ರೋಗಿಗೆ ಪ್ರಜ್ಞೆ ತಪ್ಪಲಿಲ್ಲ. ತುಸು ತೂಕಡಿಕೆ ಬಂದು, ಸುತ್ತಣ ವ್ಯಾಪಾರಗಳಲ್ಲಿ ಅವನಿಗಿದ್ದ ಆಸಕ್ತಿ ಮಾತ್ರ ಹಿಂದೆಗೆಯಿತು. ಕ್ಲೋರ್‌ಪ್ರೊಮಜೀನಿನ ಗುಣವೂ ದೋಷವೂ ಲಾಬೋರಿ ಅಂದು ಕಂಡ ಆ ಔದಾಸೀನ್ಯದಲ್ಲಿಯೇ ಅಡಗಿದ್ದುವೆಂದು ನನ್ನ ಎಣಿಕೆ.

ಆ ಕಾಲದ ಹುಚ್ಚಾಸ್ಪತ್ರೆಗಳ ಸ್ಥಿತಿಯನ್ನು ನೆನೆಯದೆ ಈ ಔಷಧಕ್ಕೆ ನ್ಯಾಯ ಸಲ್ಲಿಸಲಾಗದು. ಇನ್ಸುಲಿನ್ ಚುಚ್ಚಿ ರೋಗಿಯನ್ನು ಮೂರ್ಛೆಗಿಳಿಸುವುದೂ ತೊಗಲುಪಟ್ಟಿಗಳಿಂದ ಮಂಚಕ್ಕೆ ಬಿಗಿಯುವುದೂ ನಿತ್ಯಕ್ರಮವಾಗಿದ್ದ ದಿನಗಳವು; ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ 1949ರಲ್ಲಿ ನೊಬೆಲ್ ಪಾರಿತೋಷಕವೇ ಸಂದಿತ್ತು. ಅಂತಹ ಸಮಯದಲ್ಲಿ, 1952ರಲ್ಲಿ, ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯ ದೆಲೇ ಮತ್ತು ದೆನಿಕೇರ್ ಎಂಬ ವೈದ್ಯರು ಈ ಮದ್ದನ್ನು ಉನ್ಮಾದಗ್ರಸ್ತರಿಗೆ ಕೊಟ್ಟಾಗ, ಅರಚಾಡುತ್ತಿದ್ದವರು ಕುಳಿತು ಮಾತನಾಡತೊಡಗಿದರು. ಕಿವಿಯಲ್ಲಿ ಎಡೆಬಿಡದೆ ಬೈಯುತ್ತಿದ್ದ ದನಿ ಅಡಗುವುದು, ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆಯೆಂಬ ಶಂಕೆ ಸಡಿಲುವುದು ಅಲ್ಪವಾದ ಉಪಕಾರವಲ್ಲ. ಈ ಮದ್ದನ್ನು ರಾಸಾಯನಿಕ ಸಂಕೋಲೆಯೆಂದು ಜರಿಯುವವರು, ಅದಕ್ಕೆ ಮೊದಲಿದ್ದ ಕಬ್ಬಿಣದ ಸಂಕೋಲೆಯನ್ನು ಮರೆತಿರುತ್ತಾರೆ.

ಆದರೆ ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯದ ಸಂದೇಶವನ್ನು ತಡೆದು ಭ್ರಮೆಯನ್ನು ಇಳಿಸುವ ಈ ಔಷಧಕ್ಕೆ, ಅದೇ ದ್ರವ್ಯವು ಕೈಕಾಲುಗಳ ಚಲನೆಯನ್ನೂ ಮನಸ್ಸಿನ ಉತ್ಸಾಹವನ್ನೂ ಆಳುತ್ತಿರುವಲ್ಲಿ, ಇದನ್ನು ಬಿಟ್ಟು ಅದನ್ನು ಹಿಡಿಯುವ ವಿವೇಕವಿಲ್ಲ. ಪ್ರಮಾಣ ತುಸು ಮೀರಿತೆಂದರೆ ಕೈ ನಡುಗುತ್ತದೆ, ಮುಖ ಮರಗಟ್ಟುತ್ತದೆ, ನಡೆ ಕುಂಠಿತವಾಗುತ್ತದೆ. ಮಲಗಿದ್ದವನು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವುದೂ ಉಂಟು. ಬಿಸಿಲಿಗೆ ಚರ್ಮ ಸುಲಭವಾಗಿ ಬೇಯುತ್ತದೆ. ಹೊಲಗೆಲಸದವನಿಗೆ ಮಾತ್ರೆ ಬರೆದುಕೊಡುವಾಗ ಈ ಮಾತನ್ನು ಹೇಳದಿರುವುದು ಅಪರಾಧವೆಂದೇ ನಾನು ಭಾವಿಸುತ್ತೇನೆ. ಇವೆಲ್ಲಕ್ಕಿಂತ ಮರುಕ ಹುಟ್ಟಿಸುವುದು, ಕುಳಿತಲ್ಲಿ ಕುಳಿತಿರಲಾರದೆ ಒಳಗಿನಿಂದ ಕುದಿಯುವ ಒಂದು ಚಡಪಡಿಕೆ: ಮದ್ದಿನಿಂದಲೇ ಹುಟ್ಟಿದ ಈ ಸಂಕಟವನ್ನು ರೋಗವೇ ಕೆರಳಿತೆಂದು ತಪ್ಪಾಗಿ ತಿಳಿದು, ಮದ್ದನ್ನು ಇನ್ನಷ್ಟು ಏರಿಸಿದಾಗ ಆ ಜೀವ ಪಡುವ ಪಾಡನ್ನು ಯಾರಲ್ಲಿ ಹೇಳಿಕೊಳ್ಳಬೇಕು?

ವರ್ಷಗಟ್ಟಲೆ ಸೇವಿಸಿದವರಲ್ಲಿ ನಾಲಗೆ ತಾನಾಗಿ ಹೊರಳುವುದು, ತುಟಿ ಚಪ್ಪರಿಸುವುದು, ದವಡೆ ಮೆಲುಕಾಡುವುದು ತೋರುವುದುಂಟು. ಹಳೆಯ ಮದ್ದುಗಳನ್ನು ಸೇವಿಸುವ ವಯಸ್ಕರಲ್ಲಿ ಪ್ರತಿವರ್ಷವೂ ನೂರಕ್ಕೆ ಸುಮಾರು 5 ಮಂದಿಗೆ ಹೊಸದಾಗಿ ಇದು ತಗಲುತ್ತದೆ. ಮುದುಕರಿಗೆ ಇನ್ನೂ ಹೆಚ್ಚು. ಮದ್ದು ನಿಲ್ಲಿಸಿದರೂ ಕೆಲವರಲ್ಲಿ ಅದು ಉಳಿದುಬಿಡುತ್ತದೆ. 1957ರಷ್ಟು ಹಿಂದೆಯೇ ಇದನ್ನು ವರ್ಣಿಸಿದವರಿದ್ದರೂ, ವೈದ್ಯಲೋಕ ಇದನ್ನು ಗಂಭೀರವಾಗಿ ಎಣಿಸಲು ಬಹುಕಾಲ ಹಿಡಿಯಿತೆಂಬುದು ಈ ಚರಿತ್ರೆಯ ಮೇಲಣ ಕಲೆ.

ಹಾಗಾದರೆ ಹೊಸ ಮದ್ದುಗಳು ಬಂದುದರಿಂದ ಹಳೆಯದನ್ನು ಎಸೆಯೋಣವೇ? ಅಮೆರಿಕದಲ್ಲಿ 1,500ರ ಸಮೀಪ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದೇ ಕುಲದ ಪರ್ಫೆನಜೀನ್ ಹೊಸಬರಲ್ಲಿ ಬಹುತೇಕರಿಗೆ ಸರಿಸಮವಾಗಿ ನಿಂತಿತು. ತುಸು ಮುಂದಿದ್ದ ಒಲಾಂಜಪೀನ್ ಮೈತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಿತು. ಮೊದಲೇ ನಾಲಗೆ ಹೊರಳುತ್ತಿದ್ದವರಿಗೆ ಆ ಹಳೆಯ ಮದ್ದನ್ನು ಅಲ್ಲಿ ಕೊಟ್ಟಿರಲಿಲ್ಲವೆಂಬುದನ್ನೂ ಮರೆಯದೆ ಹೇಳಬೇಕು.

ನಮ್ಮಲ್ಲಿ 1980ರ ದಶಕದ ಬಳ್ಳಾರಿ ಜಿಲ್ಲೆಯ ಯೋಜನೆಯ ಮೂಲಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯಕೇಂದ್ರದ ಬಾಗಿಲಿಗೆ ತಂದುದು ಸ್ತುತ್ಯವಾದ ಕಾರ್ಯ. ಅಗ್ಗದ ಮಾತ್ರೆಗಳಿಲ್ಲದಿದ್ದರೆ ಅಂತಹ ಕಾರ್ಯ ಕೈಗೂಡುವಂತಿರಲಿಲ್ಲ. ನನ್ನ ಆಕ್ಷೇಪವಿರುವುದು ಮಾತ್ರೆಯ ಮೇಲಲ್ಲ, ಅದೇ ಹಳೆಯ ಚೀಟಿ ತೋರಿಸಿ, ರೋಗಿಯನ್ನು ಯಾರೂ ಕಾಣದೆ, ಅದೇ ಮಾತ್ರೆಯನ್ನು ವರ್ಷಾನುವರ್ಷ ತರುವ ರೂಢಿಯ ಮೇಲೆ. ಮನೆಯವರು ತಾವಾಗಿ ಮದ್ದನ್ನು ಥಟ್ಟನೆ ನಿಲ್ಲಿಸಿದರೆ ರೋಗ ಮರಳೀತು. ಪ್ರಮಾಣವನ್ನು ಇಳಿಸಬೇಕಾದವನು ವೈದ್ಯ, ಅದೂ ಮೆಲ್ಲಮೆಲ್ಲಗೆ. ಅದಕ್ಕಾಗಿ ಅವನು ರೋಗಿಯ ಕೈ ಚಾಚಿಸಿ ನೋಡಬೇಕು, ನಾಲಗೆ ಹೊರಚಾಚಿಸಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ಬಳಿಕ ಜೊತೆಗೆ ಬಂದ ತಾಯಿಯನ್ನು ಕೇಳಬೇಕು. "ಈಗ ಸುಮ್ಮನಿದ್ದಾನೆ ಸ್ವಾಮಿ" ಎಂದು ಆಕೆ ಸಮಾಧಾನದಿಂದ ನುಡಿದಷ್ಟಕ್ಕೆ ತೃಪ್ತನಾಗದೆ, ಅವನು ತಾನಾಗಿ ಏನನ್ನಾದರೂ ಬೇಡುತ್ತಾನೆಯೇ, ಯಾವುದಕ್ಕಾದರೂ ನಗುತ್ತಾನೆಯೇ ಎಂದು ವಿಚಾರಿಸಬೇಕು. "ನಿನ್ನೆ ಸಾರಿಗೆ ಉಪ್ಪು ಸಾಲದೆಂದು ಮುನಿಸಿಕೊಂಡ" ಎಂದು ಆಕೆ ದೂರಿದರೆ, ಅದನ್ನು ಸಂತೋಷದಿಂದ ಬರೆದುಕೊಳ್ಳಬೇಕು.