ಮಾರ್ಗವರ್ಣನೆಯ ಗುಣದೋಷಗಳು: ಬಾದಾಮಿಯಿಂದ ಕೂಡಲಸಂಗಮದವರೆಗೆ

ಬೈಸಿಕಲ್ಲನ್ನೇರಿ ಹೊಳೆಯ ದಂಡೆಗುಂಟ ಊರಿಂದೂರಿಗೆ ಹೋಗಿಬಂದವರು ಬರೆದಿಡುವ ಮಾರ್ಗವರ್ಣನೆಗಳನ್ನು ಸಾಹಿತ್ಯವೆಂದು ಎಣಿಸತಕ್ಕದ್ದೋ, ಅಥವಾ ಅವು ಕೇವಲ ದಾರಿಯ ಲೆಕ್ಕಪತ್ರಗಳೋ ಎಂಬ ಪ್ರಶ್ನೆಗೆ ವಿಮರ್ಶಕರ ಲಕ್ಷ್ಯವು ಹರಿದದ್ದು ವಿರಳ. ಪ್ರವಾಸಕಥನಕ್ಕಾದರೋ ಕನ್ನಡದಲ್ಲಿ ಮನ್ನಣೆಯುಂಟು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಬುವಿನಿಂದ ಬರಾಮಕ್ಕೆ’ ಇವುಗಳನ್ನು ಓದದ ಮನೆಗಳು ಕಡಮೆ. ಮಾರ್ಗವರ್ಣನೆಯು ಅದೇ ಮನೆಯ ಕಿರಿಯ ಮಗು. ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವವರಿಲ್ಲ. ಆದರೆ ಇವೆರಡರ ಧರ್ಮವು ಬೇರೆ. ಪ್ರವಾಸಕಥನವು ಹೋಗಿ ಬಂದವನ ಮಾತು. ಮಾರ್ಗವರ್ಣನೆಯು ಹೋಗಲಿರುವವನಿಗೆ ಹೇಳಿದ ಮಾತು. ಮೊದಲನೆಯದರ ಕ್ರಿಯಾಪದಗಳೆಲ್ಲ ಭೂತಕಾಲದವು; ಎರಡನೆಯದರವು ವಿಧ್ಯರ್ಥದವು. ಆದುದರಿಂದ ಕಥನಕಾರನು ತಪ್ಪಿದರೆ ವಾಚಕನ ರಸಕ್ಕೆ ಭಂಗ. ಮಾರ್ಗಕಾರನು ತಪ್ಪಿದರೆ ಬಡಪಾಯಿ ಸವಾರನೊಬ್ಬನು ಸಂಜೆಯ ಹೊತ್ತಿಗೆ ಹಳ್ಳದ ಆಚೆ ದಡದಲ್ಲಿ ನಿಲ್ಲಬೇಕಾಗುವದು.

ಈ ಜಾತಿಯ ರಚನೆಗಳಿಗೆ ಆದರ್ಶವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕಾಳಿದಾಸನ ಮೇಘದೂತದ ಪೂರ್ವಾರ್ಧವು ಮಾರ್ಗವರ್ಣನೆಯಲ್ಲದೆ ಮತ್ತೇನು? ಯಕ್ಷನು ಮೇಘಕ್ಕೆ ಮೊದಲು ದಾರಿಯನ್ನು ಹೇಳುವನು. ಸಂದೇಶವು ಆಮೇಲಿನ ಮಾತು. ರಾಮಗಿರಿಯಿಂದ ಆಮ್ರಕೂಟ, ವಿಂಧ್ಯದ ಬುಡದಲ್ಲಿ ಬಂಡೆಗಳ ನಡುವೆ ಹಂಚಿಹೋದ ರೇವೆ, ವಿದಿಶೆಯ ಬಳಿಯ ವೇತ್ರವತಿ, ಉಜ್ಜಯಿನಿಯ ಶಿಪ್ರೆ ಹೀಗೆ ನದಿಯಿಂದ ನದಿಗೆ ಸಾಗುವ ಆ ದಾರಿಯಲ್ಲಿ ಯೋಜನಗಳ ಪಟ್ಟಿಯನ್ನು ಯಕ್ಷನು ಒಪ್ಪಿಸುವದಿಲ್ಲ. ಹಾಗಿದ್ದೂ ಎಲ್ಲಿದ್ದೇವೆಂಬ ಅರಿವು ಓದುವವನಿಗೆ ಎಲ್ಲಿಯೂ ತಪ್ಪದು. ದಣಿದಾಗ ಶಿಖರದ ಮೇಲೆ ಕಾಲೂರಬೇಕು, ಸೊರಗಿದಾಗ ಹೊಳೆಯ ಹಗುರಾದ ನೀರನ್ನು ಕುಡಿಯಬೇಕು ಎಂಬುದು ಯಕ್ಷನ ಉಪದೇಶ. ಉತ್ತರಕ್ಕೆ ಹೋಗುವವನಿಗೆ ಉಜ್ಜಯಿನಿಯು ಸುತ್ತುದಾರಿ ಎಂಬುದನ್ನು ಅವನು ಮುಚ್ಚಿಡುವದಿಲ್ಲ. ಸುತ್ತಾದರೂ ಹೋಗಿಯೇ ತೀರಬೇಕೆಂದು ಹೇಳುತ್ತಾನೆ. ಅವಂತಿಯ ಹಳ್ಳಿಗಳ ಹಿರಿಯರು ಉದಯನನ ಕಥೆಯನ್ನು ಬಲ್ಲವರೆಂಬುದೂ ಆ ದಾರಿಯ ವಿವರಗಳಲ್ಲಿ ಒಂದು. ಎಲ್ಲಿ ತಂಗುವದು, ಎಲ್ಲಿ ನೀರು, ಎಲ್ಲಿ ಬಳಸಿ ಹೋಗುವದು, ಯಾರೊಡನೆ ಮಾತಾಡುವದು ಎಂಬ ನಾಲ್ಕೂ ಇಲ್ಲಿ ಬಂದವು. ಸವಾರನಿಗೆ ಬೇರೆ ಏನು ಬೇಕು?

ಇದಕ್ಕೆ ಎದುರಾಗಿ ನಿಲ್ಲುವದು ದಿಗ್ವಿಜಯದ ಪದ್ಧತಿ. ಅದೇ ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಅದನ್ನು ಹಿಡಿದಿರುವನು. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ. ಶ. 634ರಲ್ಲಿ ತನ್ನ ಪ್ರಶಸ್ತಿಯನ್ನು ಕೊರೆಯಿಸಿದ ರವಿಕೀರ್ತಿಯೂ ಇದೇ ಹಾದಿಯವನು. ಕಾಳಿದಾಸ ಭಾರವಿಗಳ ಕೀರ್ತಿಗೆ ತನ್ನ ಕೀರ್ತಿಯು ಸಮವೆಂದು ಅವನೇ ಹೇಳಿಕೊಂಡಿರುವನು. ವಿನಯವು ಪ್ರಶಸ್ತಿಕಾರರ ಗುಣವಲ್ಲ. ಅವನ ಕಾವ್ಯದಲ್ಲಿ ಪುಲಕೇಶಿಯು ರೇವೆಯ ತನಕ ಹೋಗುತ್ತಾನೆ, ಕಾವೇರಿಗೆ ಆನೆಗಳ ಸೇತುವೆ ಕಟ್ಟುತ್ತಾನೆ. ಅಲ್ಲಿ ನದಿಗಳಿರುವದು ದಾಟುವ ಸಲುವಾಗಿ, ಊರುಗಳಿರುವದು ಗೆಲ್ಲುವ ಸಲುವಾಗಿ. ಬನವಾಸಿಯ ಬಳಿಯಲ್ಲಿ ಮಾತ್ರ ವರದೆಯ ತೆರೆಗಳನ್ನೂ ಹಂಸಗಳನ್ನೂ ಕಂಡು ಕವಿಯು ಕ್ಷಣಕಾಲ ನಿಂತಿರುವನು. ಆ ಒಂದು ನಿಲುಗಡೆಯ ಸಲುವಾಗಿ ಅವನ ಹೆಮ್ಮೆಯನ್ನು ಕ್ಷಮಿಸಬಹುದು.

ಬೈಸಿಕಲ್ಲಿನ ಸಾಹಿತ್ಯವು ಬಹುಮಟ್ಟಿಗೆ ರವಿಕೀರ್ತಿಯ ಶಿಷ್ಯವರ್ಗಕ್ಕೆ ಸೇರಿದುದು. ಮುಂಬಯಿಯ ಪಾರಸೀ ತರುಣರಾದ ಆದಿ ಹಕೀಮ, ಜಾಲ ಬಾಪಾಸೋಲಾ, ರುಸ್ತುಮ ಭೂಮಗರಾ ಇವರು 1923ರಲ್ಲಿ ಹೊರಟು 1928ರಲ್ಲಿ ಭೂಮಂಡಲವನ್ನು ಸುತ್ತಿ ಮರಳಿದರು. ಅವರ ಇಂಗ್ಲಿಷ್ ಗ್ರಂಥವು 1931ರಲ್ಲಿ ಹೊರಬಂದಿತು. ಅವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸಾಹಸದ ಹೆಸರೆತ್ತಿದೊಡನೆ ಜನರ ಬಾಯಿಗೆ ಮೊದಲು ಬರುವದು 44,000 ಮೈಲು ಎಂಬ ಅಂಕಿಯೇ. ಜಗತ್ತನ್ನೇ ಸುತ್ತಲು ಹೊರಟವನಿಗೆ ಒಂದು ಹಳ್ಳಿಯ ಕಟ್ಟೆಯ ಮೇಲೆ ಕೂಡಲು ಹೊತ್ತಿಲ್ಲದಿದ್ದರೆ ಆಶ್ಚರ್ಯವೇನು? ಎರಡೇ ದಿನ ತಿರುಗಾಡಿ ಬಂದವರೂ ಅದೇ ಧಾಟಿಯನ್ನು ಅನುಕರಿಸಿ, ಇಷ್ಟು ಗಂಟೆಗೆ ಇಷ್ಟು ಕಿಲೋಮೀಟರು ಎಂದು ಬರೆಯುವದು ಮಾತ್ರ ನಗೆಗೀಡು.

ಬೈಸಿಕಲ್ಲಿನ ಪ್ರವಾಸಕ್ಕೆ ತವರೆನ್ನಬಹುದಾದ ಫ್ರಾನ್ಸಿನಲ್ಲಿಯೂ ಈ ಎರಡು ಪದ್ಧತಿಗಳು ಒಂದೇ ಕಾಲಕ್ಕೆ ಬೆಳೆದವು. 1903ರಲ್ಲಿ ವರ್ತಮಾನಪತ್ರವೊಂದು ತನ್ನ ಮಾರಾಟವನ್ನು ಹೆಚ್ಚಿಸಲೆಂದು ದೇಶವನ್ನೆಲ್ಲ ಸುತ್ತುವ ಪಂದ್ಯವನ್ನು ಹೂಡಿತು, ಅದು ದಿಗ್ವಿಜಯ. ಅದಕ್ಕೂ ಮೊದಲೇ, 1887ರಲ್ಲಿ, ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬವನು ಸವಾರರಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದನು. ಹಸಿವೆಯಾಗುವದಕ್ಕಿಂತ ಮೊದಲು ಉಣ್ಣಬೇಕು, ಬಾಯಾರುವ ಮೊದಲು ಕುಡಿಯಬೇಕು, ಹೆಮ್ಮೆಗಾಗಿ ಎಂದೂ ತುಳಿಯಬಾರದು ಎಂದು ಅವನು ವಿಧಿಸಿದ ನಿಯಮಗಳನ್ನು ನೋಡಿದರೆ ಯಕ್ಷನ ಮಾತೇ ನೆನಪಾಗುವದು. ಸ್ಟೀವನ್‌ಸನ್ನನು 1878ರಲ್ಲಿ ಸೆವೆನ್ ಬೆಟ್ಟಗಳ ಸೀಮೆಯನ್ನು ಹನ್ನೆರಡು ದಿನಗಳಲ್ಲಿ ದಾಟಿದ್ದು ಬೈಸಿಕಲ್ಲಿನ ಮೇಲಲ್ಲ, ಒಂದು ಹಟಮಾರಿ ಕತ್ತೆಯನ್ನು ಕಟ್ಟಿಕೊಂಡು. ಅವನ ಪುಸ್ತಕವು ಮರುವರ್ಷ ಅಚ್ಚಾಯಿತು. ಇಂದಿಗೂ ಜನರು ಅದನ್ನು ಕೈಯಲ್ಲಿ ಹಿಡಿದು ಆ ದಾರಿಯನ್ನು ನಡೆಯುತ್ತಾರೆ. ಕತ್ತೆಯ ನಡಿಗೆಯು ಅವನ ಗದ್ಯಕ್ಕೆ ಉಪಕಾರವನ್ನೇ ಮಾಡಿತು. ಈಗ ಅದೇ ದೇಶದಲ್ಲಿ ಲುವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರುಗಳ ಸೈಕಲ್ ದಾರಿಯುಂಟು. ಅಲ್ಲಿ ಕೋಟೆ ಅರಮನೆಗಳಷ್ಟೇ ಅಲ್ಲ, ನದಿಯೇ ದಾರಿಯ ನಾಯಕಿ.

ಮಲಪ್ರಭೆಗೆ ಈ ಭಾಗ್ಯವು ಇನ್ನೂ ಬಂದಿಲ್ಲ. ಕನಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಬೆಟ್ಟವನ್ನು ಸೀಳಿ, 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯ ಕೊನೆಯ ಭಾಗವು ಸವಾರನಿಗೆಂದೇ ಮಾಡಿಟ್ಟಂತಿದೆ. ಆದರೆ ವರ್ಣನೆಗಳನ್ನು ಓದಿದರೆ ಸಿಕ್ಕುವದು ಮೂರು ಹೆಸರು: ಬಾದಾಮಿ, ಪಟ್ಟದಕಲ್ಲು, ಐಹೊಳೆ. ಕಡೆಗೆ ಸಂಗಮವೆಂಬ ನಾಲ್ಕನೆಯದು. ಒಂದು ಗುಡಿಗೂ ಇನ್ನೊಂದು ಗುಡಿಗೂ ನಡುವೆ ಭೂಮಿಯೇ ಇಲ್ಲವೆಂಬಂತೆ, ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರು ಎಂದು ಬರೆದು ಮುಗಿಸಿಬಿಡುತ್ತಾರೆ. ಆ ನಡುವಣ ಭೂಮಿಯು ಬರಿದಾದುದೆ? ಚೊಳಚಗುಡ್ಡದ ಬನಶಂಕರಿಯ ಹೊಂಡ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ನೆಲೆಗೊಳಿಸಿದ ಶಿವಯೋಗಮಂದಿರ. ಸ್ವಲ್ಪ ಬಳಸಿದರೆ ಮಹಾಕೂಟದ ಪುಷ್ಕರಿಣಿ. ಆಚೆ ಕಡೆಗೆ ಖಣದ ಮಗ್ಗಗಳ ಗುಳೇದಗುಡ್ಡ. ಮಹಾಕೂಟದಲ್ಲಿದ್ದ ಮಂಗಲೇಶನ ಕಾಲದ ಶಾಸನಸ್ತಂಭವು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವದು. ಇದನ್ನು ಹೇಳದೆ, ಸ್ತಂಭವನ್ನು ನೋಡಿರಿ ಎಂದು ಬರೆದವನು ಸವಾರನ ಅರ್ಧ ದಿನವನ್ನು ಕಳೆದಂತೆಯೇ.

ಗಾಳಿಯ ಮಾತನ್ನಂತೂ ಎತ್ತುವವರೇ ಇಲ್ಲ. ಆಷಾಢಶ್ರಾವಣಗಳಲ್ಲಿ ಈ ಸೀಮೆಯ ಮೇಲೆ ಪಡುವಣ ಗಾಳಿಯು ಬೀಸುವದು. ಬಾದಾಮಿಯಿಂದ ಸಂಗಮದ ಕಡೆಗೆ, ಎಂದರೆ ಈಶಾನ್ಯಕ್ಕೆ ಹೋಗುವವನಿಗೆ ಗಾಳಿಯೂ ಬೆನ್ನಿಗೆ, ಹೊಳೆಯ ಹರಿವೂ ಜೊತೆಗೆ. ಕೆಂಪು ಮಳಲುಗಲ್ಲಿನ ಗುಡ್ಡಗಳು ಹಿಂದುಳಿದು ಎರೆಯ ಬಯಲು ತೆರೆದುಕೊಳ್ಳುವದು ಈ ದಿಕ್ಕಿನಲ್ಲಿಯೇ. ಪಟ್ಟದಕಲ್ಲಿನಲ್ಲಿ ಹೊಳೆಯು ಉತ್ತರವಾಹಿನಿಯಾಗುವದನ್ನು ನೋಡಲು ಗುಡಿಗೆ ಬೆನ್ನು ಮಾಡಿ ನಿಲ್ಲಬೇಕು. ಹಾಗೆ ನಿಲ್ಲಿರೆಂದು ಹೇಳುವ ವರ್ಣನೆ ಯಾವುದು? ದಂಡೆಯ ಹಾದಿಗಳಲ್ಲಿ ಜಾಲಿಯ ಮುಳ್ಳಿನ ಕಾಟವುಂಟೆಂಬುದೂ ಹೇಳತಕ್ಕ ಮಾತೇ. ಕಾವ್ಯಕ್ಕೆ ಅದು ತಕ್ಕುದಲ್ಲವೆಂದರೆ, ತೂತಾದ ಟ್ಯೂಬಿನೊಡನೆ ಕಾವ್ಯವನ್ನು ಸವಿಯುವವನನ್ನು ತೋರಿಸಬೇಕು.

ಐಹೊಳೆಯನ್ನು ಕುರಿತು ‘ದೇವಾಲಯ ಶಿಲ್ಪದ ತೊಟ್ಟಿಲು’ ಎಂಬ ಮಾತು ಸವೆದ ನಾಣ್ಯದಂತೆ ಕೈಯಿಂದ ಕೈಗೆ ಸಾಗಿದೆ. ಲಾಡಖಾನ ಗುಡಿಯನ್ನು ಐದನೆಯ ಶತಮಾನದ್ದೆಂದು ಹಿಂದಿನ ವಿದ್ವಾಂಸರು ಬಗೆದಿದ್ದರು. ಈಚಿನವರು ಅದನ್ನು ಏಳು ಎಂಟನೆಯ ಶತಮಾನಗಳಿಗೆ ತಂದಿರುವರು. ದುರ್ಗದ ಗುಡಿಯ ಹೆಸರು ಕೋಟೆಯಿಂದ ಬಂದುದೇ ಹೊರತು ದುರ್ಗಾದೇವಿಯಿಂದಲ್ಲ. ಅಲ್ಲದೆ ತೊಟ್ಟಿಲಿನಿಂದ ಪ್ರಾಯದವರೆಗೆ ಶಿಲ್ಪವು ಕ್ರಮವಾಗಿ ಬೆಳೆಯುವದನ್ನು ಕಾಣುವಿರಿ ಎಂದು ಓದಿ ಹೊರಟ ಸವಾರನಿಗೆ ದಾರಿಯು ಬೇರೆಯೇ ಕ್ರಮವನ್ನು ತೋರಿಸುವದು. 543ರ ಪುಲಕೇಶಿಯ ಬಂಡೆಶಾಸನ, 578ರ ಗುಹೆ ಬಾದಾಮಿಯಲ್ಲಿ. ಒಡನೆಯೇ ಇಮ್ಮಡಿ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ತ್ರೈಲೋಕ್ಯಮಹಾದೇವಿಯರ ಎಂಟನೆಯ ಶತಮಾನದ ಮಹಾಲಯಗಳು ಪಟ್ಟದಕಲ್ಲಿನಲ್ಲಿ. ಅದಾದ ಮೇಲೆ ಮತ್ತೆ ಹಿಂದಕ್ಕೆ, 634ರ ಮೇಗುತಿ. ಭೂಮಿಯ ಕ್ರಮವೂ ಕಾಲದ ಕ್ರಮವೂ ಒಂದಲ್ಲ. ಇದನ್ನು ಬಿಚ್ಚಿ ಹೇಳಿದರೆ ವರ್ಣನೆಗೆ ಚೆಲುವೇ ಬರುವದು.

ಎಲ್ಲಕ್ಕಿಂತ ದೊಡ್ಡ ದೋಷವು ಕಾಣಬರುವದು ದಾರಿಯ ಕೊನೆಯಲ್ಲಿ. ಕೂಡಲವೆಂದರೆ ನದಿಗಳು ಕೂಡುವ ತಾಣ. ‘ಇಲ್ಲಿ ಎರಡು ನದಿಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ, ವಾತಾವರಣವು ಪ್ರಶಾಂತವಾಗಿದೆ’ ಎಂಬ ಎರಡು ವಾಕ್ಯಗಳಲ್ಲಿ ಬಹುತೇಕ ಲೇಖಕರು ಬಸವಣ್ಣನವರ ವಿದ್ಯಾಭೂಮಿಯನ್ನು ಮುಗಿಸುವರು. 1982ರಲ್ಲಿ ನಾರಾಯಣಪುರದ ಆಣೆಕಟ್ಟು ಮುಗಿದಂದಿನಿಂದ ಸಂಗಮವು ಅದರ ಹಿನ್ನೀರಿನೊಳಗಿರುವದು. ಜಲಾಶಯವು ತುಂಬಿದ ತಿಂಗಳುಗಳಲ್ಲಿ ಅಲ್ಲಿ ಎರಡು ಹೊಳೆಗಳನ್ನು ಹುಡುಕಿದವನಿಗೆ ಸಿಕ್ಕುವದು ಒಂದೇ ನೀರಿನ ಹರವು. ಐಕ್ಯಮಂಟಪವನ್ನು ಉಳಿಸಲು ಅದರ ಸುತ್ತ ಗೋಡೆಯನ್ನೆಬ್ಬಿಸಿರುವರು. ಸೇತುವೆಯ ಮೇಲೆ ನಡೆದು, ನೀರಿನ ಮಟ್ಟಕ್ಕಿಂತ ಕೆಳಕ್ಕೆ ಮೆಟ್ಟಿಲಿಳಿದು ಅದನ್ನು ಕಾಣಬೇಕು. ಮೇಲಿನ ಕಡೆಗೆ ಆಲಮಟ್ಟಿಯ ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು; ದಂಡೆಯ ಎಷ್ಟೋ ಹಳ್ಳಿಗಳು ಹೆಸರನ್ನು ಮಾತ್ರ ಹೊತ್ತುಕೊಂಡು ಏರುನೆಲಕ್ಕೆ ಹೋದವು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ಅಂಗಳಕ್ಕೂ ದಂಡೆಯ ಮನೆಗಳಿಗೂ ನುಗ್ಗಿದುದು ಇನ್ನೂ ಯಾರಿಗೂ ಮರೆತಿಲ್ಲ. ಇಷ್ಟೆಲ್ಲವನ್ನು ಬಿಟ್ಟು ‘ಪ್ರಶಾಂತ’ವೆಂಬ ಒಂದು ಪದವನ್ನಿಟ್ಟರೆ ಅದು ಔಚಿತ್ಯಭಂಗವಷ್ಟೇ ಅಲ್ಲ, ಅಸತ್ಯವೂ ಹೌದು. ಊರು ಬಿಟ್ಟವರ ಮುಂದೆ ಸೈಕಲ್ಲನ್ನಿಳಿದು, ‘ಯಜಮಾನರೇ, ಹಳೇ ಊರು ಎಲ್ಲಿತ್ರಿ?’ ಎಂದು ಕೇಳುವ ಸೌಜನ್ಯವನ್ನು ಸವಾರನಿಗೆ ಕಲಿಸಬೇಕಾದವನು ಮಾರ್ಗಕಾರನೇ ಅಲ್ಲವೆ? ಅವಂತಿಯ ಗ್ರಾಮವೃದ್ಧರ ಬಳಿ ಉದಯನನ ಕಥೆಯಿತ್ತು. ಇವರ ಬಳಿ ನೀರಿನೊಳಗಿನ ಊರಿನ ಕಥೆಯುಂಟು.

ಆ ಹಿರಿಯರ ಬಾಯಲ್ಲಿ ಮಾರ್ಗವರ್ಣನೆಯ ಕಲೆಯು ಇನ್ನೂ ಬದುಕಿರುವದು. ‘ಮುಂದ ಹಳ್ಳ ಬರ್ತೈತ್ರಿ, ಮ್ಯಾಲ ಮಳಿ ಆಗಿದ್ರ ನಿಂತು ಹೋಗ್ರಿ’ ಎಂಬ ಒಂದು ವಾಕ್ಯದಲ್ಲಿ ಸ್ಥಳ, ಕಾಲ, ಅಪಾಯ, ಉಪಾಯ ಎಲ್ಲವೂ ಅಡಕವಾಗಿವೆ. ಒಂದು ಅಕ್ಷರವೂ ಹೆಚ್ಚಿಲ್ಲ. ಅಚ್ಚಿನ ವರ್ಣನೆಗಳು ಹಳ್ಳಗಳ ಹೆಸರನ್ನೇ ಎತ್ತುವದಿಲ್ಲ.

ಇನ್ನೊಂದು ಮಾತು ಉಳಿಯಿತು. ಬಹಳ ಮಂದಿ ಸಂಗಮವನ್ನು ಮುಟ್ಟಿದೊಡನೆ ಲೇಖನಿಯನ್ನು ಕೆಳಗಿಡುವರು. ಯಕ್ಷನೂ ಮೇಘಕ್ಕೆ ಮರಳುವ ದಾರಿಯನ್ನು ವರ್ಣಿಸಲಿಲ್ಲವೆಂಬುದು ನಿಜ. ಮೋಡಕ್ಕೆ ಅದರ ಅಗತ್ಯವೂ ಇರಲಿಲ್ಲ. ಸವಾರನಾದರೋ ಮನೆಗೆ ಬರಬೇಕಾದವನು. ಹೋಗುವಾಗ ಬೆನ್ನಿಗಿದ್ದ ಆಷಾಢದ ಗಾಳಿಯು ಬರುವಾಗ ಎದೆಗೆ ಬಡಿಯುವದು. ಎರೆಯ ಬಯಲಿನಲ್ಲಿ ಅದನ್ನು ತಡೆಯುವ ಗುಡ್ಡವೂ ಇಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಾಗಲಕೋಟೆಗೆ ಬಂದು ರೈಲು ಹಿಡಿಯುವದು ಲೇಸು ಎಂದು ಕಡೆಗೆ ಒಂದು ಸಾಲು ಬರೆದರೆ ಯಾವ ವರ್ಣನೆಗೂ ಕುಂದು ಬರದು.