ಕೊಂಬಿಗೆ ಬಣ್ಣ ಸಾಕು, ಮೈಗೆ ಬೇಡ

ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಸಂಜೆ ಸೇಡಂ, ಚಿತ್ತಾಪುರ ಸೀಮೆಯ ಊರೊಂದರ ಅಗಸಿ ಮುಂದೆ ನಿಂತರೆ ಮಂದಿಯ ತಲೆಗಳ ಮೇಲಿಂದ ಮೊದಲು ಕಾಣುವುದು ಕೊಂಬುಗಳು. ಕೆಂಪು, ಹಸಿರು, ಹಳದಿ. ತುದಿಗೆ ಹಿತ್ತಾಳೆ ಅಣಸು, ಬುಡಕ್ಕೆ ಗೊಂಡೆ, ಹಣೆಗೆ ಬಾಸಿಂಗ. ಇದು ಕಲೆ ಎಂದು ಒಪ್ಪುವುದಾದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದೂ ಹೇಳಬೇಕಾಗುತ್ತದೆ. ಜಾನಪದ ಅಂತ ಕೈಮುಗಿದು ಸುಮ್ಮನಾಗುವುದು ಮರ್ಯಾದೆಯಲ್ಲ.

ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗವೇ ಕರಿ. ಓಡಿಬಂದು ಅದನ್ನು ಮೊದಲು ಹರಿದದ್ದು ಕೆಂದೆತ್ತಾದರೆ ಮುಂಗಾರಿ ಚಲೋ, ಬಿಳಿ ಎತ್ತಾದರೆ ಹಿಂಗಾರಿ ಜೋಳ ಚಲೋ ಎಂಬುದು ನಂಬಿಕೆ. ಮುಂಗಾರಿಗೆ ತೊಗರಿ ಬಿತ್ತಿ ವರ್ಷವಿಡೀ ಅದನ್ನೇ ನೆಚ್ಚಿಕೊಂಡ ಸೀಮೆಗೆ ಇದು ಬರೀ ಆಟವಾಗಿರಲಿಲ್ಲ. ಊರು ಅಲ್ಲಿ ನೋಡುತ್ತಿದ್ದುದು ಎತ್ತಿನ ಹುಟ್ಟುಬಣ್ಣವನ್ನು. ಹಾಗಿರುವಾಗ ಮೈತುಂಬ ಗುಲಾಬಿ ಬಳಿದು, ಪಕ್ಕೆಯ ಮೇಲೆ ಸಿನಿಮಾ ನಟನ ಹೆಸರು ಬರೆದು ಓಡಿಸಿದರೆ ಹಿರಿಯರು ಏನನ್ನು ನೋಡಿ ಮಳೆ ಹೇಳಬೇಕು? ಮುಂಗಾರಿಯೋ ಹಿಂಗಾರಿಯೋ, ಅಥವಾ ಆ ನಟನ ಮುಂದಿನ ಸಿನಿಮಾವೋ! ಕೊಂಬಿನ ಬಣ್ಣ ಎತ್ತನ್ನು ಎತ್ತಿ ತೋರಿಸುತ್ತದೆ, ಮೈಯ ಬಣ್ಣ ಮುಚ್ಚಿಹಾಕುತ್ತದೆ. ನನ್ನ ತಕರಾರು ಇಷ್ಟೇ.

ತಲೆ ಸಿಂಗರಿಸುವ ಹುಚ್ಚು ಅಮೆರಿಕದ ಫುಟ್‌ಬಾಲ್‌ನವರಿಗೂ ಉಂಟು. ಮಿಷಿಗನ್ ವಿಶ್ವವಿದ್ಯಾಲಯದ ತರಬೇತುದಾರ ಫ್ರಿಟ್ಜ್ ಕ್ರಿಸ್ಲರ್ 1938ರಲ್ಲಿ ಹೆಲ್ಮೆಟ್ಟಿಗೆ ಹಳದಿ ರೆಕ್ಕೆ ಬರೆಸಿದ್ದು, ಚೆಂಡು ಎಸೆಯುವವನಿಗೆ ದೂರದಿಂದಲೇ ತನ್ನವರ ಗುರುತು ಸಿಗಲಿ ಎಂದು. ಹತ್ತು ವರ್ಷದ ಮೇಲೆ ವೃತ್ತಿಪರ ತಂಡ ರ‍್ಯಾಮ್ಸ್‌ನ ಆಟಗಾರ ಫ್ರೆಡ್ ಗೆರ್ಕಿ ಕೈಯಾರೆ ಟಗರಿನ ಕೊಂಬುಗಳನ್ನೇ ಬರೆದ. 1968ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರ ವುಡಿ ಹೇಸ್ ಚೆನ್ನಾಗಿ ಆಡಿದವರ ಹೆಲ್ಮೆಟ್ಟಿಗೆ ಬಕ್‌ಐ ಮರದ ಎಲೆಯ ಸ್ಟಿಕರ್ ಅಂಟಿಸುವ ರೂಢಿ ಹಾಕಿದರು. ಋತು ಮುಗಿಯುವ ಹೊತ್ತಿಗೆ ಒಬ್ಬನ ತಲೆ ತುಂಬಿರುತ್ತದೆ, ಇನ್ನೊಬ್ಬನದು ಬೋಳು. ಹೆಲ್ಮೆಟ್ಟೇ ಅಂಕಪಟ್ಟಿ. ನಮ್ಮಲ್ಲಿ ಹಾಗಿಲ್ಲ. ಸಿಂಗಾರ ಓಟಕ್ಕೆ ಮೊದಲೇ ಆಗಿಬಿಡುತ್ತದೆ, ಓಡಲಾರದ ಮುದಿ ಎತ್ತಿಗೂ ಅದೇ ಹೋಳಿಗೆ, ಅದೇ ಗೆಜ್ಜೆಸರ. ದುಡಿಮೆಯ ಲೆಕ್ಕ ಕೇಳದ ಈ ಧಾರಾಳ ನನಗೆ ಹೆಚ್ಚು ಹಿಡಿಸುತ್ತದೆ.

ಆದರೆ ಧಾರಾಳವೂ ಮಿತಿ ಮೀರಿದೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದಂತೆ, ಉಳಿದ ನಾಲ್ಕಾರು ಜೋಡಿಯ ಮೇಲೆಯೇ ಊರಿನ ಉಮೇದೆಲ್ಲ ಮೆತ್ತಿಕೊಳ್ಳುತ್ತಿದೆ: ಬಲೂನು, ರಿಬ್ಬನ್ನು, ಮಿಂಚುಕಾಗದ, ಮೇಲೆ ಡಿಜೆ. ಇದಕ್ಕಿಂತ ಕೆಟ್ಟದ್ದು ಕೊಂಬಿಗೆ ಬಳಿಯುವ ಎಣ್ಣೆಬಣ್ಣ. ಕೆಮ್ಮಣ್ಣಿನ ಬಣ್ಣವಾದ ಹುರಮಂಜು ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ಎಣ್ಣೆಬಣ್ಣ ಹೋಗದು, ಮರುವರ್ಷ ಹೆರೆದೇ ತೆಗೆಯಬೇಕು. ಕೊಂಬಿನ ಹೊರಕವಚ ಉಗುರಿನಂಥದ್ದು, ಸರಿ. ಅದರೊಳಗೆ ರಕ್ತ ಹರಿಯುವ ಎಲುಬಿದೆ, ಹೆರೆದಷ್ಟೂ ಅದರ ಮೇಲಿನ ಹೊದಿಕೆ ತೆಳುವಾಗುತ್ತದೆ. ನುಣುಪಿನ ಆಸೆಗೆ ಎತ್ತು ತೆರುವ ಬೆಲೆ ಇದು.

ಬಿಳಿ ಮೈಮೇಲೆ ಕರಿ ಮಚ್ಚೆಯ ದೇವಣಿ ಎತ್ತು ಇನ್ನೂ ಈ ಭಾಗದಲ್ಲಿ ಸಿಗುತ್ತದೆ. ಅಂಥದ್ದರ ಮೈಗೆ ಬಣ್ಣದ ಡಬ್ಬಿ ಹಿಡಿದು ಹೋಗುವವರ ಕೈಗೆ ಒಂದು ಹಿತ್ತಾಳೆ ಅಣಸು ಕೊಟ್ಟು, ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂರಿಸಬೇಕು.